ಹಳೆಯ ಹೋಂಡಾ 250ಆರ್‌ಗೆ ಹೊಸ ಮುಂಭಾಗ: ಒಂದು ಮರುಭೂಮಿ ಕ್ವಾಡ್‌ನ ಫ್ರೇಮ್ ಕೆಲಸ

ಮುಂಚಕ್ರವನ್ನು ಫ್ರೇಮಿಗೆ ಹಿಡಿಯುವ ತೋಳುಗಳಲ್ಲಿ ಎಡಗಡೆ ಕೆಳಗಿನದು, ಅಂದರೆ ಕೆಳಗಿನ ಆರ್ಮ್, ಕೂರುವ ಬ್ರಾಕೆಟ್ ಪಕ್ಕದಲ್ಲಿ ಒಂದು ತುಕ್ಕಿನ ಗೆರೆ ಇತ್ತು. ಕೂದಲಿನಷ್ಟು ಸಣ್ಣದು. ಬಣ್ಣ ಬಿರಿದಿರಬೇಕು ಅಂದುಕೊಂಡು ಉಗುರಿನಲ್ಲಿ ಕೆರೆದೆ. ಬಣ್ಣ ಉದುರಿತು, ಗೆರೆ ಹೋಗಲಿಲ್ಲ. ಬಿರುಕು ತೋರಿಸುವ ಡೈ ಪೆನೆಟ್ರೆಂಟ್ ತಂದು ಕೆಂಪು ದ್ರವ ಹಚ್ಚಿ, ಹತ್ತು ನಿಮಿಷ ಬಿಟ್ಟು ಒರೆಸಿ, ಮೇಲೆ ಬಿಳಿ ಪುಡಿ ಸ್ಪ್ರೇ ಮಾಡಿದೆ. ಬಿಳಿ ಮೇಲೆ ನಿಧಾನವಾಗಿ ಕೆಂಪು ಗೆರೆ ಎದ್ದು ಬಂತು. 34 ಮಿಮೀ ಉದ್ದ. ಬ್ರಾಕೆಟ್ ಬುಡದಿಂದ ಶುರುವಾಗಿ ಕೊಳವೆಯ ಸುತ್ತ ಅರ್ಧದಷ್ಟು ತಿರುಗಿತ್ತು. ಕೆಲಸ ಶುರುವಾದದ್ದು ಅಲ್ಲಿಂದ.

ಗಾಡಿ 1987ರ ಹೋಂಡಾ ಫೋರ್‌ಟ್ರ್ಯಾಕ್ಸ್ 250ಆರ್. ನಾನಿರುವುದು ಸ್ಯಾನ್ ಡಿಯಾಗೋದಲ್ಲಿ. ಪಕ್ಕದ ಎಲ್ ಕಹೋನ್‌ನಲ್ಲಿ ಒಬ್ಬ ಹಿರಿಯರಿಂದ ತೆಗೆದುಕೊಂಡೆ. 90ರ ದಶಕದಲ್ಲಿ ಅವರು ಅದನ್ನು ಮೆಕ್ಸಿಕೋದ ಬಾಹಾ ಮರುಭೂಮಿಯಲ್ಲಿ ಓಡಿಸಿದ್ದರು. ಮಾರುವಾಗ ಒಂದೇ ಮಾತು ಹೇಳಿದ್ದರು: "ಎಡಕ್ಕೆ ಸ್ವಲ್ಪ ಎಳೆಯುತ್ತದೆ." ಟೈರಿನ ಗಾಳಿ ಇರಬಹುದು ಅಂತ ಆಗ ನಾನು ಅದನ್ನು ಅಷ್ಟು ತಲೆಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಡೆ ಕ್ವಾಡ್ ಅಂದರೆ ರೆಸಾರ್ಟ್‌ನಲ್ಲಿ ದುಡ್ಡು ಕೊಟ್ಟು ಹತ್ತು ನಿಮಿಷ ಓಡಿಸುವ ನಾಲ್ಕು ಚಕ್ರದ ಬೈಕು. ಇದು ಆ ಜಾತಿಯದ್ದಲ್ಲ. 246 ಸಿಸಿ ಟೂ-ಸ್ಟ್ರೋಕ್ ಎಂಜಿನ್, ನೀರಿನಿಂದ ತಣ್ಣಗಾಗುವ ಒಂದೇ ಸಿಲಿಂಡರ್, 66 ಮಿಮೀ ಬೋರ್, 72 ಮಿಮೀ ಸ್ಟ್ರೋಕ್, 6 ಗೇರ್. ರೇಸಿಗೆ ಅಂತಲೇ ಮಾಡಿದ ಕ್ವಾಡ್ ಮೊದಲು ತಂದದ್ದು ಸುಜುಕಿ, 1985ರ ಎಲ್‌ಟಿ250ಆರ್. ಮರುವರ್ಷ ಹೋಂಡಾ ಇದನ್ನು ತಂದಿತು. 1987ಕ್ಕೆ ಯಮಹಾ ಎರಡು ಸಿಲಿಂಡರ್‌ನ ಬ್ಯಾನ್‌ಶೀ ಬಿಟ್ಟಿತು. ಅಷ್ಟರಲ್ಲಿ ಅಪಘಾತಗಳ ಗಲಾಟೆ ಜೋರಾಗಿ, 1988ರಲ್ಲಿ ಅಮೆರಿಕ ಸರ್ಕಾರದ ಜೊತೆ ಕಂಪನಿಗಳು ಒಪ್ಪಂದ ಮಾಡಿಕೊಂಡವು. ಮೂರು ಚಕ್ರದ ಗಾಡಿಗಳ ಮಾರಾಟ ನಿಂತಿತು. 250ಆರ್‌ಗೂ 1989 ಕೊನೆಯ ವರ್ಷ. ಆಮೇಲೆ ಹೋಂಡಾ ಮತ್ತೆ ಅಪ್ಪಟ ರೇಸ್ ಕ್ವಾಡ್ ತಂದದ್ದು 2004ರ ಟಿಆರ್‌ಎಕ್ಸ್450ಆರ್.

ನಡುವಿನ ಆ 15 ವರ್ಷ ರೇಸ್ ಮಾಡುವವರು ಏನು ಮಾಡಬೇಕು? ಇದ್ದ 250ಆರ್‌ನ್ನೇ ಕತ್ತರಿಸಿ, ಬೆಸೆದು, ಹೊಸದು ಮಾಡಿಕೊಂಡರು. ಲೇಗರ್, ರೋಲ್ ಡಿಸೈನ್ ಥರದ ಸಣ್ಣ ವರ್ಕ್‌ಶಾಪ್‌ಗಳು ಕ್ರೋಮೋಲಿ ಅನ್ನುವ ಗಟ್ಟಿ ಉಕ್ಕಿನ ಕೊಳವೆಯಲ್ಲಿ ಇಡೀ ಫ್ರೇಮನ್ನೇ ಹೊಸದಾಗಿ ಕಟ್ಟಿಕೊಟ್ಟವು. ಎಂಜಿನ್ ಹೋಂಡಾದ್ದು, ಮೂಳೆಗಳೆಲ್ಲ ಬೇರೆಯವರದ್ದು. ಆ ಕಾಲದ ಕೈಕೆಲಸ ಇವತ್ತಿಗೂ ಯಾವುದಾದರೂ ಗ್ಯಾರೇಜಿನ ಮೂಲೆಯಲ್ಲಿ ಕಣ್ಣಿಗೆ ಬಿದ್ದರೆ ನಾನು ಅರ್ಧ ಗಂಟೆ ಅಲ್ಲೇ ನಿಂತುಬಿಡುತ್ತೇನೆ. ಒಂದೊಂದು ಬೆಸುಗೆಯನ್ನೂ ನೋಡಬೇಕು ಅನ್ನಿಸುತ್ತದೆ.

ಈಗ ನನ್ನ ಗಾಡಿಗೆ ಬರೋಣ. ಹಿಂದಿನವರು ಅದಕ್ಕೆ ಎರಡು ಇಂಚು ಅಗಲ, ಒಂದು ಇಂಚು ಮುಂದೆ ಚಾಚುವ ಆರ್ಮ್‌ಗಳನ್ನು ಹಾಕಿದ್ದರು. ಇಲ್ಲಿನವರು ಇದನ್ನು 'ಪ್ಲಸ್ ಟೂ ಪ್ಲಸ್ ಒನ್' ಅನ್ನುತ್ತಾರೆ. ಫ್ರೇಮ್ ಮಾತ್ರ ಕಂಪನಿಯದ್ದೇ. ಬಿರುಕಿಗೆ ಕಾರಣ ಅಲ್ಲೇ ಇದೆ. ಆರ್ಮ್ ಅನ್ನುವುದು ಒಂದು ಸನ್ನೆಗೋಲು. ಅದನ್ನು ಉದ್ದ ಮಾಡಿದರೆ ಚಕ್ರಕ್ಕೆ ಬಿದ್ದ ಅದೇ ಹೊಡೆತ ಬ್ರಾಕೆಟ್ ಬುಡವನ್ನು ಇನ್ನೂ ಜೋರಾಗಿ ಮೀಟುತ್ತದೆ. ಬಾಹಾದಲ್ಲಿ ಆ ಹೊಡೆತ ದಿನಕ್ಕೆ ಸಾವಿರಾರು ಸಲ. ಸ್ಯಾನ್ ಫೆಲಿಪೆ ಸುತ್ತಮುತ್ತ ಮರಳು ಅಲೆ ಅಲೆಯಾಗಿ ಏಳುತ್ತದೆ. ಎರಡು ಮೂರು ಅಡಿ ಆಳ, ಮೈಲಿಗಟ್ಟಲೆ ಉದ್ದ. ಇದಕ್ಕೆ 'ವೂಪ್ಸ್' ಅಂತ ಹೆಸರು. ಹಾಗಾಗಿ ಆರ್ಮ್ ಬದಲಿಸುವವರು ಫ್ರೇಮ್ ಬಗ್ಗೆಯೂ ಅಷ್ಟೇ ಯೋಚಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಎರಡೂ ಬೇರೆ ಬೇರೆ ಸಾಮಾನಲ್ಲ.

ಎಲ್ಲ ಬಿಚ್ಚಿ ಬರೀ ಫ್ರೇಮ್ ಉಳಿಸಿಕೊಂಡೆ. ಕೊಳವೆಗಳ ಒಳಗಿಂದ ಎರಡು ಲೋಟದಷ್ಟು ಮರಳು ಬಂತು. ತೊಳೆದು, ಮುಂಭಾಗದ ಬಣ್ಣ ಕೆರೆದು, ಗ್ಯಾರೇಜ್ ನೆಲದ ಮೇಲಿಟ್ಟು ಟೇಪ್ ಹಿಡಿದು ಅಳೆಯಲು ಕೂತೆ. ಅಂಕಿಗಳು ಒಂದಕ್ಕೊಂದು ತಾಳೆ ಆಗಲಿಲ್ಲ. ಮೂರು ಸಲ ಅಳೆದರೆ ಮೂರು ಲೆಕ್ಕ.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಇಲ್ಲಿ ರಾತ್ರಿ 9 ಗಂಟೆ, ಬೆಂಗಳೂರಲ್ಲಿ ಮರುದಿನ ಬೆಳಿಗ್ಗೆ 10:30. ಅವರು ಪೀಣ್ಯದಲ್ಲಿ ಮೂವತ್ತು ವರ್ಷ ಜಿಗ್ ಮತ್ತು ಫಿಕ್ಸ್‌ಚರ್ ಕೆಲಸ, ಅಂದರೆ ಸಾಮಾನನ್ನು ಅಳತೆಗೆ ಸರಿಯಾಗಿ ಅಲುಗದಂತೆ ಹಿಡಿಯುವ ಸಾಧನಗಳ ಕೆಲಸ, ಮಾಡಿದವರು. ಕ್ವಾಡ್ ಮುಟ್ಟಿದವರಲ್ಲ, ಆದರೆ ಕಬ್ಬಿಣದ ಬಗ್ಗೆ ಅವರಿಗೆ ಹೇಳಿಕೊಡಬೇಕಾಗಿಲ್ಲ.

"ಎಲ್ಲಿಟ್ಟು ಅಳೀತಾ ಇದ್ದೀಯಪ್ಪಾ?"

"ನೆಲದ ಮೇಲೇ ಚಿಕ್ಕಪ್ಪ. ಕಾಂಕ್ರೀಟ್ ನೆಲ, ಮಟ್ಟವಾಗೇ ಇದೆ."

"ಮಟ್ಟ ಇದೆ ಅಂತ ಯಾರು ಹೇಳಿದ್ರು? ರಸಮಟ್ಟ ಇಟ್ಟು ನೋಡಿದ್ಯಾ?"

ನೋಡಿರಲಿಲ್ಲ. ಇಟ್ಟು ನೋಡಿದೆ. ಮಳೆ ನೀರು ಹೊರಗೆ ಹೋಗಲಿ ಅಂತ ಗ್ಯಾರೇಜ್ ನೆಲವನ್ನು ಬಾಗಿಲ ಕಡೆಗೆ ಇಳಿಜಾರಾಗಿ ಹಾಕಿರುತ್ತಾರೆ. ನನ್ನದು ಫ್ರೇಮ್ ಉದ್ದಕ್ಕೇ 11 ಮಿಮೀ ಇಳಿದಿತ್ತು.

"ಹಂಗಾದ್ರೆ ಮೊದಲು ಮೇಜು ಕಟ್ಟು. ಆಮೇಲೆ ಫ್ರೇಮ್. ಜಿಗ್ ಇಲ್ಲದೆ ಗ್ರೈಂಡರ್ ಕೈಗೆ ತಗೋಬೇಡ, ತಿಳೀತಾ?"

"ಸರಿ ಚಿಕ್ಕಪ್ಪ. ಕಟ್ಟಿ ಫೋಟೋ ಕಳಿಸ್ತೀನಿ."

ಮೇಜಿಗೇ ಎರಡು ವಾರಾಂತ್ಯ ಹೋದವು. 4×2 ಇಂಚಿನ ಬಾಕ್ಸ್ ಪೈಪಿನಲ್ಲಿ ಚೌಕಟ್ಟು, ನಾಲ್ಕು ಕಾಲಿಗೂ ಎತ್ತರ ಹೊಂದಿಸುವ ಬೋಲ್ಟ್, ಮೇಲೆ 10 ಮಿಮೀ ಪ್ಲೇಟ್. ಮಟ್ಟ ಮಾಡಿದ ಮೇಲೆ ಎರಡೂ ಕರ್ಣ ಅಳೆದೆ. ಒಂದು ಮಿಲಿಮೀಟರ್ ಒಳಗೆ ಕೂತವು. ಆಧಾರಕ್ಕೆ ಹಿಡಿದದ್ದು ಸ್ವಿಂಗ್‌ಆರ್ಮ್ ಪಿವಟ್, ಅಂದರೆ ಹಿಂಚಕ್ರಗಳನ್ನು ಹಿಡಿದ ತೋಳು ಫ್ರೇಮಿಗೆ ಕೂಡಿ ತಿರುಗುವ ಜಾಗ. ಫ್ರೇಮಿನಲ್ಲಿ ಅತಿ ಕಡಿಮೆ ಅಲುಗುವ ಜಾಗ ಅದೇ. ಆ ತೂತಿನ ಮೂಲಕ ನೇರವಾದ ಉಕ್ಕಿನ ಸಲಾಕೆ ತೂರಿಸಿ ಮೇಜಿಗೆ ಕಟ್ಟಿದೆ. ಅದಕ್ಕೆ ಮೂಲೆಮಟ್ಟ ಹಿಡಿದು, ನಟ್ಟನಡುವೆ ಮುಂದಕ್ಕೆ ಒಂದು ದಾರ ಎಳೆದೆ. ಇನ್ನು ಮೇಲೆ ಎಲ್ಲ ಅಳತೆಯೂ ಆ ದಾರದಿಂದ.

ಆರ್ಮ್ ಕೂರುವ ಬ್ರಾಕೆಟ್‌ಗಳ ಮುಂದಿನ ತೂತಿಗೂ ಹಿಂದಿನ ತೂತಿಗೂ ಸೇರಿಸಿ ಒಂದೊಂದು ಸಲಾಕೆ ಹಾಕಿದೆ, ನಾಲ್ಕು ಕಡೆ. ತೂಗುಗುಂಡು ಬಿಟ್ಟು ಮೇಜಿನ ಮೇಲೆ ಗುರುತು ಮಾಡಿದೆ. ಈಗ ಅಂಕಿಗಳು ಮಾತಾಡಿದವು. ಎಡಗಡೆ ಕೆಳಗಿನ ಜೋಡಿ ಬಲಗಡೆಗಿಂತ 3 ಮಿಮೀ ಹಿಂದೆ ಇತ್ತು. ಅದರ ಮುಂದಿನ ಬ್ರಾಕೆಟ್ 5 ಮಿಮೀ ಮೇಲೆ ಎದ್ದಿತ್ತು. ಯಾವುದೋ ಕಾಲದಲ್ಲಿ ಎಡಚಕ್ರ ಒಂದು ಬಂಡೆಗೆ ಗುದ್ದಿರಬೇಕು.

3 ಮಿಮೀ ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ನೋಡಿ. ಚಕ್ರ ಕೂರುವ ಸ್ಪಿಂಡಲನ್ನು ಹಿಡಿದಿರುವ ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟ್‌ಗಳ ನಡುವೆ ಇಲ್ಲಿ ಸುಮಾರು 150 ಮಿಮೀ. ಕೆಳಗಿನದು 3 ಮಿಮೀ ಹಿಂದೆ ಸರಿದರೆ ಕ್ಯಾಸ್ಟರ್ ಕೋನ (ಪಕ್ಕದಿಂದ ನೋಡಿದಾಗ ಈ ಎರಡು ಜಾಯಿಂಟ್ ಸೇರಿಸುವ ಗೆರೆ ಹಿಂದಕ್ಕೆ ವಾಲಿರುವ ಕೋನ) ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆ ಆಗುತ್ತದೆ. ಕ್ಯಾಸ್ಟರ್ ಯಾವ ಕಡೆ ಕಡಿಮೆಯೋ ಗಾಡಿ ಆ ಕಡೆ ಎಳೆಯುತ್ತದೆ. "ಎಡಕ್ಕೆ ಸ್ವಲ್ಪ ಎಳೆಯುತ್ತದೆ" ಅಂದಿದ್ದು ಅದಕ್ಕೇ. ಇನ್ನು ಮುಂದಿನ ಬ್ರಾಕೆಟ್ ಎದ್ದದ್ದು: ಎರಡು ಬ್ರಾಕೆಟ್ ನಡುವೆ 200 ಮಿಮೀ ಇದ್ದು ಒಂದು ಕಡೆ 5 ಮಿಮೀ ಎದ್ದರೆ ಸುಮಾರು 1.4 ಡಿಗ್ರಿ ವಾರೆ. ಅಂದರೆ ಚಕ್ರ ಮೇಲೆ ಕೆಳಗೆ ಆಡಿದ ಹಾಗೆಲ್ಲ ಕ್ಯಾಸ್ಟರ್ ಕೂಡ ಬದಲಾಗುತ್ತಾ ಹೋಗುತ್ತದೆ. ಗಂಟೆಗೆ 90 ಕಿಮೀ ವೇಗದಲ್ಲಿ, ಮರಳಿನಲ್ಲಿ, ಹ್ಯಾಂಡಲ್ ಹಿಡಿದವನಿಗೆ ಅದು ಗೊತ್ತಾಗದೇ ಇರುವುದಿಲ್ಲ.

ಬಿರುಕಿಗೆ ತೇಪೆ ಹಾಕುವ ಯೋಚನೆ ಅಲ್ಲಿಗೆ ಬಿಟ್ಟೆ. ಎಂಜಿನ್ ಮುಂದಿನ ಭಾಗವನ್ನು ಪೂರ್ತಿ ಕತ್ತರಿಸಿ ಹೊಸದಾಗಿ ಕಟ್ಟುವುದು ಅಂತ ತೀರ್ಮಾನ ಮಾಡಿದೆ.

ಕೊಳವೆಗೆ 4130 ಕ್ರೋಮೋಲಿ ತಂದೆ. ಇದರಲ್ಲಿ ಸುಮಾರು 0.3% ಇಂಗಾಲ, 1%ನಷ್ಟು ಕ್ರೋಮಿಯಂ, ಸ್ವಲ್ಪ ಮಾಲಿಬ್ಡಿನಂ ಇರುತ್ತದೆ. ಸಾಮಾನ್ಯ ಮೈಲ್ಡ್ ಸ್ಟೀಲಿಗಿಂತ ಗಟ್ಟಿ. ಹಗುರ ಅಂತ ಜನ ಹೇಳುತ್ತಾರೆ, ಅದು ಪೂರ್ತಿ ನಿಜವಲ್ಲ. ತೂಕ ಎರಡಕ್ಕೂ ಒಂದೇ. ಗಟ್ಟಿ ಇರುವುದರಿಂದ ತೆಳು ಕೊಳವೆ ಸಾಕಾಗುತ್ತದೆ, ಅಷ್ಟೇ. ಕೆಳಗಿನ ಎರಡು ಹಳಿಗೆ 1 ಇಂಚು ಹೊರವ್ಯಾಸ, 2.1 ಮಿಮೀ ದಪ್ಪದ್ದು. ಮೇಲಿನ ಕಟ್ಟಿಗೆ 1.65 ಮಿಮೀ ದಪ್ಪದ್ದು.

ಬಗ್ಗಿಸುವ ಕೆಲಸವನ್ನು ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅವರು ಬಗ್ಗಿಸಿ ಕೊಟ್ಟ ಮೊದಲ ಜೋಡಿ ತಿರುವಿನಲ್ಲಿ ಚಪ್ಪಟೆಯಾಗಿತ್ತು. ಕ್ಯಾಲಿಪರ್ ಇಟ್ಟರೆ 25.4 ಇರಬೇಕಾದದ್ದು ಒಂದು ಕಡೆ 22.8. ಹಾಗೆ ಚಪ್ಪಟೆಯಾದ ಕೊಳವೆ ಅಲ್ಲೇ ಮಡಿಯುತ್ತದೆ. ಅದನ್ನು ಬಿಟ್ಟು, ಒಬ್ಬ ಗೆಳೆಯನ ಬೆಂಡರ್‌ನಲ್ಲಿ 4 ಇಂಚು ತ್ರಿಜ್ಯದ ಡೈ ಹಾಕಿ ನಾನೇ ಬಗ್ಗಿಸಿದೆ. ಕ್ರೋಮೋಲಿ ಬಗ್ಗಿದ ಮೇಲೆ ಸ್ವಲ್ಪ ವಾಪಸ್ ಬರುತ್ತದೆ. ನನಗೆ 40 ಡಿಗ್ರಿ ಬೇಕಿದ್ದರೆ 43ರವರೆಗೆ ಎಳೆಯಬೇಕಾಯಿತು.

ಹಳೇ ಫ್ರೇಮಿಗೆ ಹೊಸ ಕೊಳವೆ ಸೇರುವ ಜಾಗ ಬಹಳ ಮುಖ್ಯ. ಎರಡನ್ನೂ ನೇರವಾಗಿ ಕತ್ತರಿಸಿ ಮೂತಿಗೆ ಮೂತಿ ಕೊಟ್ಟು ಬೆಸೆಯಬಾರದು. ಓರೆಯಾಗಿ ಕತ್ತರಿಸಿದೆ. ಒಳಗೆ 75 ಮಿಮೀ ಉದ್ದದ ಇನ್ನೊಂದು ಕೊಳವೆ ಬಿಗಿಯಾಗಿ ತೂರಿಸಿದೆ. ಹೊರಗಿನ ಕೊಳವೆಗೆ ಎರಡೂ ಬದಿ ತೂತು ಕೊರೆದು, ತೂತಿನ ಮೂಲಕ ಒಳಗಿನದಕ್ಕೆ ಬೆಸುಗೆ ಹಾಕಿದೆ. ಆಮೇಲೆ ಸುತ್ತಲಿನ ಓರೆ ಗೆರೆ. ಹೊಡೆತ ಒಂದೇ ಗೆರೆಯ ಮೇಲೆ ಬೀಳದೆ ಹಂಚಿ ಹೋಗುತ್ತದೆ.

ಕೊಳವೆಗೆ ಕೊಳವೆ ಅಡ್ಡ ಕೂರುವ ಕಡೆ ಮೀನಿನ ಬಾಯಿ ಹಾಗೆ ಕಚ್ಚು ಕತ್ತರಿಸಬೇಕು. ಹೋಲ್‌ಸಾದಲ್ಲಿ ಕತ್ತರಿಸಿ, ಅರದಲ್ಲಿ ಉಜ್ಜಿ ಉಜ್ಜಿ ಕೂರಿಸಿದೆ. ಸಂದಿಯಲ್ಲಿ ಕಾಗದದ ಚೂರು ತೂರಿದರೆ ಮತ್ತೆ ಉಜ್ಜು. ಒಂದೊಂದು ಕಚ್ಚಿಗೆ ಮುಕ್ಕಾಲು ಗಂಟೆ ಹಿಡಿಯಿತು. ಟಿಗ್ ವೆಲ್ಡಿಂಗ್‌ನಲ್ಲಿ ಸಂದಿ ತುಂಬಿಸುವ ಚಾಳಿ ಬೇಡ. ಸಂದಿ ಇದ್ದಷ್ಟೂ ಶಾಖ ಜಾಸ್ತಿ, ಶಾಖ ಜಾಸ್ತಿ ಆದಷ್ಟೂ ಫ್ರೇಮ್ ಎಳೆದುಕೊಳ್ಳುತ್ತದೆ.

ಬೆಸುಗೆಗೆ ಇಆರ್70ಎಸ್-2 ತಂತಿ, 2.4 ಮಿಮೀ ಟಂಗ್‌ಸ್ಟನ್, ಆರ್ಗಾನ್ ಗ್ಯಾಸ್. ಬೆಸೆಯುವ ಮೊದಲು ಕೊಳವೆಯ ಕಪ್ಪು ಪದರವನ್ನು ಒಂದು ಇಂಚು ಅಗಲಕ್ಕೆ ಉಜ್ಜಿ ಹೊಳೆಯುವ ಹಾಗೆ ಮಾಡಿ, ಅಸಿಟೋನ್‌ನಲ್ಲಿ ಒರೆಸಿದೆ. ಇಷ್ಟು ತೆಳು ಕೊಳವೆಯನ್ನು ಮೊದಲೇ ಕಾಯಿಸುವ ಅಗತ್ಯ ಇಲ್ಲ. ಆದರೆ ಬೆಸೆದ ಮೇಲೆ ಬೇಗ ತಣ್ಣಗೆ ಮಾಡಬಾರದು. ನೀರಂತೂ ಬೇಡವೇ ಬೇಡ, ಬೆಸುಗೆ ಪಕ್ಕದ ಲೋಹ ಗಡುಸಾಗಿ ಸೀಳುತ್ತದೆ. ನಾನು ಗ್ಯಾರೇಜಿನ ಫ್ಯಾನ್ ಕೂಡ ಆರಿಸಿ, ಬಾಗಿಲು ಎಳೆದುಕೊಂಡು ಮಾಡಿದೆ.

ಚಿಕ್ಕಪ್ಪ ವೀಡಿಯೋ ಕಾಲ್‌ನಲ್ಲಿ ನೋಡುತ್ತಾ ಕೂತಿದ್ದರು. "ಎದುರು ಬದುರು ಟ್ಯಾಕ್ ಹಾಕಪ್ಪಾ. ಎಡಗಡೆ ಒಂದು ಹಾಕಿದ್ರೆ ಮುಂದಿನದು ಬಲಗಡೆ. ಆತುರ ಬೇಡ, ಕೈ ಇಟ್ಟು ನೋಡು, ಬಿಸಿ ಇದ್ರೆ ಟೀ ಕುಡ್ಕೊಂಡು ಬಾ." ಟ್ಯಾಕ್ ಅಂದರೆ ಜಾಗ ಹಿಡಿಸಲು ಹಾಕುವ ಚುಕ್ಕೆ ಬೆಸುಗೆ. ಹಾಗೇ ಮಾಡಿದೆ. ಒಂದು ಸಲಕ್ಕೆ ಒಂದು ಇಂಚು ಮಾತ್ರ. ಪೂರ್ತಿ ಬೆಸುಗೆ ಮುಗಿದ ಮೇಲೂ ಒಂದು ರಾತ್ರಿ ಜಿಗ್‌ನಲ್ಲೇ ಬಿಟ್ಟೆ. ಬೆಳಿಗ್ಗೆ ಬಿಚ್ಚಿ ಸಲಾಕೆ ತೂರಿಸಿ ನೋಡಿದರೆ ಎಡಕ್ಕೂ ಬಲಕ್ಕೂ ವ್ಯತ್ಯಾಸ 0.8 ಮಿಮೀ. ಫೋಟೋ ಕಳಿಸಿದೆ. "ಪರವಾಗಿಲ್ಲ" ಅಂತ ಉತ್ತರ ಬಂತು. ಅವರ ಬಾಯಲ್ಲಿ ಪರವಾಗಿಲ್ಲ ಅಂದರೆ ದೊಡ್ಡ ಮಾತು.

ಬ್ರಾಕೆಟ್ ಇಡುವಾಗ ಒಂದು ವಿಷಯ ಬೇಕೆಂದೇ ಮಾಡಿದೆ. ಆರ್ಮ್ ತಿರುಗುವ ಅಚ್ಚು ನೆಲಕ್ಕೆ ಸಮನಾಗಿ ಇರದೆ, ಮುಂದಿನ ತುದಿ 8 ಡಿಗ್ರಿ ಮೇಲೆ ಇರುವ ಹಾಗೆ ಇಟ್ಟೆ. ಆಗ ಚಕ್ರ ಬರೀ ನೇರ ಮೇಲೆ ಹೋಗುವುದಿಲ್ಲ, ಮೇಲೆ ಹೋಗುತ್ತಾ ಹಿಂದಕ್ಕೂ ಸರಿಯುತ್ತದೆ. 280 ಮಿಮೀ ಏರಿದರೆ ಸುಮಾರು 39 ಮಿಮೀ ಹಿಂದೆ. ಕಲ್ಲಿಗೆ ಗುದ್ದಿದಾಗ ಕೈ ಹಿಂದೆ ತೆಗೆದುಕೊಳ್ಳುತ್ತೇವಲ್ಲ, ಹಾಗೆ. ಕಲ್ಲು ಜಾಸ್ತಿ ಇರುವ ಮರುಭೂಮಿಯಲ್ಲಿ ಇದು ಮಣಿಕಟ್ಟು ಉಳಿಸುತ್ತದೆ.

ಆರ್ಮ್‌ಗಳನ್ನೂ ಹೊಸದಾಗಿ ಮಾಡಿದೆ. ಮೇಲಿನದು ಕೆಳಗಿನದಕ್ಕಿಂತ ಗಿಡ್ಡ. ಚಕ್ರ ಏರಿದ ಹಾಗೆ ಅದರ ತಲೆ ಒಳಗೆ ವಾಲಿ, ತಿರುವಿನಲ್ಲಿ ಟೈರ್ ನೆಲಕ್ಕೆ ಸರಿಯಾಗಿ ಕಚ್ಚಲಿ ಅಂತ. ಮೇಲಿನ ಬಾಲ್ ಜಾಯಿಂಟ್ ತಿರುಪಿನ ಸುತ್ತು ಇರುವ ಥರದ್ದು, ತಿರುಗಿಸಿ ಕ್ಯಾಂಬರ್, ಅಂದರೆ ಚಕ್ರದ ಒಳವಾಲು ಹೊರವಾಲು, ಹೊಂದಿಸಬಹುದು. ಸವಾರ ಕೂತಾಗ ಒಂದು ಡಿಗ್ರಿ ಒಳವಾಲು, ಕ್ಯಾಸ್ಟರ್ 7 ಡಿಗ್ರಿ. ಸ್ಪಿಂಡಲ್ ಕಂಪನಿಯದ್ದೇ ಉಳಿಸಿಕೊಂಡೆ. ಬುಶ್‌ಗೆ ಡೆಲ್ರಿನ್ ಪ್ಲಾಸ್ಟಿಕ್, ಗ್ರೀಸ್ ನಿಪ್ಪಲ್ ಸಮೇತ.

ಶಾಕ್ ಅಬ್ಸಾರ್ಬರ್ ಕೂರುವ ಮೇಲಿನ ಗೋಪುರದಲ್ಲಿ ನನ್ನಿಂದ ಒಂದು ತಪ್ಪಾಯಿತು. ಉದ್ದ ಶಾಕ್‌ಗೆ ಜಾಗ ಬೇಕು ಅಂತ ಗೋಪುರವನ್ನು 45 ಮಿಮೀ ಎತ್ತರಿಸಿ, ಅಡ್ಡ ಕೊಳವೆ ಕೊಟ್ಟು ಪೂರ್ತಿ ಬೆಸೆದೆ. ಆಮೇಲೆ ರೇಡಿಯೇಟರ್ ಇಟ್ಟರೆ ಕೂರಲಿಲ್ಲ. ಅಡ್ಡ ಕೊಳವೆ ಅದರ ಕುತ್ತಿಗೆಗೆ ತಾಗುತ್ತಿತ್ತು. ಇಡೀ ದಿನದ ಕೆಲಸ ಕತ್ತರಿಸಿ ತೆಗೆದೆ. ಎರಡನೇ ಸಲ ರೇಡಿಯೇಟರ್, ಟ್ಯಾಂಕ್, ಹ್ಯಾಂಡಲ್ ಎಲ್ಲ ಜಾಗದಲ್ಲಿಟ್ಟು, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, 12 ಮಿಮೀ ಸಂದಿ ಬಿಟ್ಟು ಟ್ಯಾಕ್ ಹಾಕಿದೆ. ನೀವು ಮಾಡುವುದಾದರೆ ಮೊದಲ ದಿನವೇ ರೇಡಿಯೇಟರ್ ಪಕ್ಕದಲ್ಲಿ ಇಟ್ಟುಕೊಳ್ಳಿ.

ಸ್ಪ್ರಿಂಗ್ ಲೆಕ್ಕ ನನಗೆ ಇಷ್ಟವಾದ ಭಾಗ. ನನ್ನ ಶಾಕ್ 165 ಮಿಮೀ ಕುಗ್ಗುತ್ತದೆ, ಚಕ್ರ 280 ಮಿಮೀ ಆಡುತ್ತದೆ. ಅನುಪಾತ 0.59. ಚಕ್ರದ ಹತ್ತಿರ ಸ್ಪ್ರಿಂಗ್ ಎಷ್ಟು ಗಟ್ಟಿ ಅನ್ನಿಸುತ್ತದೆ ಅಂತ ತಿಳಿಯಲು ಈ ಅನುಪಾತವನ್ನು ಅದರಿಂದಲೇ ಗುಣಿಸಬೇಕು: 0.35. ಅಂದರೆ ಸ್ಪ್ರಿಂಗಿನ ಗಟ್ಟಿತನದಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಚಕ್ರಕ್ಕೆ ಕಾಣುತ್ತದೆ. ನಾನು ಕೂತಾಗ ಒಂದೊಂದು ಮುಂಚಕ್ರದ ಮೇಲೆ, ಚಕ್ರದ ಸ್ವಂತ ತೂಕ ಬಿಟ್ಟು, ಸುಮಾರು 45 ಕೆಜಿ. ಮರುಭೂಮಿಗೆ ಗಾಡಿ ಕೂತಾಗಲೇ ಮೂರನೇ ಒಂದು ಭಾಗ ಇಳಿದಿರಬೇಕು. ಯಾಕೆಂದರೆ ವೂಪ್ಸ್ ನಡುವಿನ ಗುಂಡಿಗೆ ಚಕ್ರ ಕೆಳಗೂ ಚಾಚಬೇಕು, ಬರೀ ಮೇಲೆ ಹೋದರೆ ಸಾಲದು. 100 ಮಿಮೀ ಇಳಿಯಲಿ ಅಂತ ಇಟ್ಟುಕೊಂಡರೆ ಚಕ್ರದ ಹತ್ತಿರ ಮಿಲಿಮೀಟರಿಗೆ 0.45 ಕೆಜಿ, ಶಾಕ್ ಹತ್ತಿರ ಸುಮಾರು 1.29 ಕೆಜಿ ಬೇಕು.

ಇದಕ್ಕೆ ಒಂದರ ಮೇಲೊಂದು ಎರಡು ಸ್ಪ್ರಿಂಗ್ ಹಾಕಿದೆ, ಒಂದು 2.0, ಇನ್ನೊಂದು 3.6. ಎರಡನ್ನೂ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ: 7.2 ಭಾಗ 5.6, ಸರಿಯಾಗಿ 1.29. ಸಣ್ಣ ಹೊಡೆತಕ್ಕೆ ಎರಡೂ ಸೇರಿ ಮೆತ್ತಗೆ ಕುಗ್ಗುತ್ತವೆ. ದೊಡ್ಡ ಹೊಡೆತ ಬಿದ್ದರೆ ಮೆದು ಸ್ಪ್ರಿಂಗ್ ಒಂದು ಉಂಗುರಕ್ಕೆ ತಾಗಿ ನಿಲ್ಲುತ್ತದೆ, ಅಲ್ಲಿಂದ ಮುಂದೆ 3.6 ಒಂದೇ ಕೆಲಸ ಮಾಡುತ್ತದೆ. ಆ ಉಂಗುರವನ್ನು ಚಲನೆಯ ಸುಮಾರು 60% ಜಾಗದಲ್ಲಿ ಇಟ್ಟೆ.

ಈಗ ಹ್ಯಾಂಡಲಿನ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್. ಮುಂಭಾಗ ಎಷ್ಟೇ ಚೆನ್ನಾಗಿ ಬೆಸೆದರೂ ಇದು ತಪ್ಪಿದರೆ ಎಲ್ಲ ವ್ಯರ್ಥ. ಚಕ್ರ ಮೇಲೆ ಹೋದಾಗ, ಹ್ಯಾಂಡಲ್ ತಿರುಗಿಸದೆಯೇ, ಚಕ್ರ ತಾನಾಗಿ ಒಳಗೋ ಹೊರಗೋ ತಿರುಗುವುದಕ್ಕೆ ಬಂಪ್ ಸ್ಟಿಯರ್ ಅನ್ನುತ್ತಾರೆ. ಮುಂದಿನಿಂದ ನೋಡಿದಾಗ ಮೇಲಿನ ಆರ್ಮ್, ಕೆಳಗಿನ ಆರ್ಮ್, ಟೈ ರಾಡ್, ಮೂರರ ಗೆರೆಯನ್ನೂ ಒಳಗಡೆಗೆ ಎಳೆದರೆ ಒಂದೇ ಬಿಂದುವಿನಲ್ಲಿ ಕೂಡಬೇಕು. ಟೈ ರಾಡ್ ಉದ್ದವೂ ಅದಕ್ಕೆ ಹೊಂದಬೇಕು. ಇಲ್ಲವಾದರೆ ಮೂರೂ ಬೇರೆ ಬೇರೆ ಕಮಾನಿನಲ್ಲಿ ತಿರುಗುತ್ತವೆ, ನಡುವೆ ಸಿಕ್ಕಿದ ಚಕ್ರ ತಿರುಚುತ್ತದೆ.

ಒಂದು ಪ್ಲೈವುಡ್ ಹಲಗೆ ಮೇಲೆ ಮುಂಭಾಗವನ್ನು ನಿಜವಾದ ಅಳತೆಯಲ್ಲೇ ಬರೆದೆ. ಬಣ್ಣದ ದಾರ ಎಳೆದು ಚಟ್ಟನೆ ಬಿಟ್ಟರೆ ಗೆರೆ ಬೀಳುತ್ತದಲ್ಲ, ಮನೆ ಕಟ್ಟುವವರು ಮಾಡುವ ಹಾಗೆ. ಹೆಂಡತಿ ಬಂದು ನೋಡಿ, "ಇದೇನ್ರೀ, ಗ್ಯಾರೇಜಲ್ಲಿ ರಂಗೋಲಿ?" ಅಂದಳು. ಎರಡು ಗೆರೆ ಒಂದು ಕಡೆ ಕೂಡಿದವು. ಟೈ ರಾಡ್ ಗೆರೆ ಆ ಬಿಂದುವನ್ನು ಮುಟ್ಟದೆ ದಾಟಿ ಹೋಯಿತು.

ಹಲಗೆ ಮೇಲೆ ಕಂಡದ್ದನ್ನು ಗಾಡಿ ಮೇಲೂ ಅಳೆದೆ. ಶಾಕ್ ಬಿಚ್ಚಿದೆ. ಹಬ್‌ಗೆ ಉದ್ದನೆಯ ಅಲ್ಯೂಮಿನಿಯಂ ಪಟ್ಟಿ ಕಟ್ಟಿದೆ. ಗಾಡಿಯ ಪಕ್ಕದಲ್ಲಿ ನಡುದಾರಕ್ಕೆ ಸಮಾನಾಂತರವಾಗಿ ಇನ್ನೊಂದು ದಾರ. ಜ್ಯಾಕ್ ಇಟ್ಟು ಹಬ್ಬನ್ನು 25 ಮಿಮೀ ಎತ್ತು, ಪಟ್ಟಿಯ ಮುಂದಿನ ತುದಿಯಿಂದ ದಾರಕ್ಕೆ ಎಷ್ಟು, ಹಿಂದಿನ ತುದಿಯಿಂದ ಎಷ್ಟು, ಬರೆದುಕೋ. ಮತ್ತೆ 25 ಎತ್ತು. ಹೀಗೆ ಕೆಳಗಿಂದ ಮೇಲಿನವರೆಗೆ. ಮೊದಲ ಸಲ ತುತ್ತತುದಿಯಲ್ಲಿ ಚಕ್ರ 14 ಮಿಮೀ ಹೊರಗೆ ತಿರುಗಿತ್ತು. ಎರಡೂ ಚಕ್ರ ಒಟ್ಟಿಗೆ ಏರಿದರೆ ಎರಡೂ ಹೊರಗೆ ಬಾಯಿ ಬಿಡುತ್ತವೆ. ಆ ಸ್ಥಿತಿಯಲ್ಲಿ ಒಂದು ಚಕ್ರ ಮೊದಲು ನೆಲ ಕಚ್ಚಿದರೆ ಗಾಡಿ ಆ ಕಡೆ ಹಾರುತ್ತದೆ.

ಸ್ಟಿಯರಿಂಗ್ ಕಂಬದ ಕೆಳಗೆ ಟೈ ರಾಡ್ ಕೂರುವ ಕಿವಿಯನ್ನು ಕತ್ತರಿಸಿ, 9 ಮಿಮೀ ಕೆಳಗೆ ಟ್ಯಾಕ್ ಹಾಕಿ ಮತ್ತೆ ಅಳೆದೆ. 14 ಇದ್ದದ್ದು 4ಕ್ಕೆ ಇಳಿಯಿತು. ಆಮೇಲೆ ಸ್ಪಿಂಡಲ್ ಕಡೆ ರಾಡ್ ಎಂಡ್ ಕೆಳಗೆ ವಾಶರ್ ಹಾಕಿ ತೆಗೆದು, ಹಾಕಿ ತೆಗೆದು, 3 ಮಿಮೀ ದಪ್ಪದಲ್ಲಿ ಸರಿಹೋಯಿತು. ನಡುವಿನ 200 ಮಿಮೀ ಚಲನೆಯಲ್ಲಿ ಈಗ ಒಂದೂವರೆ ಮಿಲಿಮೀಟರ್‌ಗಿಂತ ಜಾಸ್ತಿ ಅಲುಗಾಡುವುದಿಲ್ಲ. ಕೊನೆಯ ತುದಿಗಳಲ್ಲಿ ಸ್ವಲ್ಪ ಇದೆ. ಅದನ್ನು ಒಪ್ಪಿಕೊಂಡೆ. ಇಷ್ಟಕ್ಕೆ ನಾಲ್ಕು ರಾತ್ರಿ ಹೋಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ತೃಪ್ತಿ ಕೊಟ್ಟದ್ದು ಆ ನಾಲ್ಕು ರಾತ್ರಿ.

ಬಣ್ಣ ಹಚ್ಚದೆ, ಬರೀ ಎಣ್ಣೆ ಸವರಿ, ಜನವರಿಯಲ್ಲಿ ಒಕೊಟಿಯೋ ವೆಲ್ಸ್‌ಗೆ ತೆಗೆದುಕೊಂಡು ಹೋದೆ. ಆನ್ಸಾ-ಬೊರೇಗೊ ಮರುಭೂಮಿಯ ಪಕ್ಕದಲ್ಲಿ ಇಂಥ ಗಾಡಿಗಳಿಗೆಂದೇ ಬಿಟ್ಟಿರುವ ಜಾಗ ಅದು. ಬೇಸಿಗೆಯಲ್ಲಿ ಅಲ್ಲಿ ನಿಲ್ಲಲಾಗದು, ಚಳಿಗಾಲದಲ್ಲಿ ಸ್ವರ್ಗ. ಶಾಕ್ ದಂಡಕ್ಕೆ ಒಂದೊಂದು ರಬ್ಬರ್ ಉಂಗುರ ಹಾಕಿದ್ದೆ. ಶಾಕ್ ಎಷ್ಟು ಕುಗ್ಗಿತು ಅಂತ ಆ ಉಂಗುರ ಸರಿದು ತೋರಿಸುತ್ತದೆ.

ನೇರ ಓಡಿಸಿ ಒಂದು ಕ್ಷಣ ಹ್ಯಾಂಡಲ್ ಹಿಡಿತ ಸಡಿಲ ಬಿಟ್ಟೆ. ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ.

ವೂಪ್ಸ್‌ನಲ್ಲಿ ಮೊದಲ ನಾಲ್ಕೈದು ಅಲೆ ಚೆನ್ನಾಗಿತ್ತು. ಆಮೇಲೆ ಮುಂಭಾಗ ಒಂದೊಂದು ಅಲೆಗೂ ಸ್ವಲ್ಪ ಸ್ವಲ್ಪ ಕುಸಿಯುತ್ತಾ ಹೋಗಿ, ಹತ್ತನೇ ಅಲೆಗೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಸ್ಪ್ರಿಂಗ್ ಮೆದುವಾಯಿತು ಅಂತ ಮೊದಲು ಅನ್ನಿಸುತ್ತದೆ. ಅದಲ್ಲ. ಕುಗ್ಗಿದ ಶಾಕ್ ವಾಪಸ್ ಚಾಚುವಷ್ಟರಲ್ಲಿ ಮುಂದಿನ ಅಲೆ ಬಂದುಬಿಡುತ್ತಿತ್ತು. ಶಾಕ್ ವಾಪಸ್ ಚಾಚುವ ವೇಗ ಹೊಂದಿಸುವ ರಿಬೌಂಡ್ ತಿರುಪನ್ನು ಮೂರು ಕ್ಲಿಕ್ ಬಿಚ್ಚಿದೆ. ಅದೇ ದಾರಿಯಲ್ಲಿ ಮತ್ತೆ ಹೋದೆ. ಈ ಸಲ ಚಕ್ರಗಳು ಅಲೆ ಅಲೆಯನ್ನೂ ಮುಟ್ಟಿ ಹೋದವು, ಹ್ಯಾಂಡಲ್ ಮಾತ್ರ ಒಂದೇ ಎತ್ತರದಲ್ಲಿ ನಿಂತಿತ್ತು. ನಿಲ್ಲಿಸಿ ಉಂಗುರ ನೋಡಿದೆ. ತುದಿಗೆ 12 ಮಿಮೀ ಬಾಕಿ ಇತ್ತು.

ಮಧ್ಯಾಹ್ನ ಒಂದು ತೊಂದರೆ ಕಂಡಿತು. ಬಲಗಡೆ ಟೈ ರಾಡ್‌ನ ಲಾಕ್ ನಟ್ ಅರ್ಧ ಸುತ್ತು ಬಿಚ್ಚಿಕೊಂಡಿತ್ತು. ಬಿಗಿ ಮಾಡಿ, ಮನೆಗೆ ಬಂದ ಮೇಲೆ ಎಲ್ಲ ನಟ್‌ಗಳಿಗೂ ಬಿಳಿ ಪೇಂಟ್‌ನಲ್ಲಿ ಅಡ್ಡ ಗೆರೆ ಎಳೆದೆ. ಗೆರೆ ಮುರಿದಿದ್ದರೆ ನಟ್ ತಿರುಗಿದೆ ಅಂತ ಅರ್ಥ.

ಮರುವಾರ ತೊಳೆದು ಮತ್ತೆ ಡೈ ಪೆನೆಟ್ರೆಂಟ್ ಹಚ್ಚಿದೆ, ಬ್ರಾಕೆಟ್ ಬುಡ, ಗೋಪುರ, ಓರೆ ಜೋಡಣೆ, ಆರ್ಮ್‌ಗಳ ತುದಿ, ಎಲ್ಲ ಕಡೆ. ಬಲಗಡೆ ಒಂದು ತೂತು ಬೆಸುಗೆಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆ ಬಂತು. ಬೆಸುಗೆಯಲ್ಲಿ ಉಳಿದ ಗಾಳಿಗುಳ್ಳೆ. ಕೊರೆದು ತೆಗೆದು ಮತ್ತೆ ಹಾಕಿದೆ. ಉಳಿದದ್ದೆಲ್ಲ ಬಿಳಿ.

ಈಗ ಬಣ್ಣ. ಪೌಡರ್ ಕೋಟಿಂಗ್ ಮಾಡಿಸು, ಚೆನ್ನಾಗಿ ಕಾಣುತ್ತದೆ ಅಂದರು ಕೆಲವರು. ಮುಂಭಾಗಕ್ಕೆ ನಾನು ಮಾಡಿಸಲಿಲ್ಲ. ಅದು ದಪ್ಪ, ಕೆಳಗೆ ಬಿರುಕು ಬಂದರೂ ಮೇಲೆ ಕಾಣುವುದಿಲ್ಲ. ಫ್ರೇಮಿನ ಹಿಂಭಾಗ ಹೋಂಡಾದ ಕೆಂಪಿನಲ್ಲೇ ಇದೆ. ಹೊಸ ಭಾಗಕ್ಕೆ ತೆಳುವಾಗಿ ತಿಳಿ ಬೂದು ಬಣ್ಣ ಹೊಡೆದೆ. ತುಕ್ಕಿನ ಗೆರೆ ಎದ್ದರೆ ಮೊದಲ ದಿನವೇ ಕಾಣಲಿ ಅಂತ.